ಹೊಟ್ಟೆಯಲ್ಲಿ ನೀರಿದ್ದ ಜಾಡಿ

ಮೊದಲು ನನ್ನ ಸಿಟ್ಟೆಲ್ಲ ಸ್ಟುಡಿಯೋದ ಒಡತಿಯ ಮೇಲಿತ್ತು. ಈಗಲೂ ಅರ್ಧ ಅಲ್ಲೇ ಇದೆ. ಉಳಿದರ್ಧ ಯಾರ ಮೇಲೆ ಅನ್ನುವುದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ನವಿ ಮುಂಬಯಿಯ ಮಹಾಪೆಯ ಕಾರ್ಖಾನೆಗಳ ಸಾಲಿನಲ್ಲಿ, ಹಿಂದೆ ಯಾವುದೋ ಪ್ಯಾಕಿಂಗ್ ಕಂಪನಿ ಇದ್ದ ಶೆಡ್ಡಿನಲ್ಲಿ, ಮಣ್ಣಿನ ಪಾತ್ರೆ ಮಾಡುವವರ ಸ್ಟುಡಿಯೋ ಇದೆ. ಮನೆಯಲ್ಲಿ ಚಕ್ರ ಇಟ್ಟುಕೊಳ್ಳಬಹುದು, ಸುಡುವ ಆವಿಗೆ ಇಟ್ಟುಕೊಳ್ಳಲಾದೀತೆ? ನಮ್ಮ ಸೊಸಾಯಿಟಿಯವರು ಬಾಲ್ಕನಿಯಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟರೂ ನೋಟಿಸು ಅಂಟಿಸುವ ಜನ. ಹಾಗಾಗಿ ನನ್ನಂಥವರು ಆ ಸ್ಟುಡಿಯೋದ ಕರೆಂಟಿನ ಆವಿಗೆಯಲ್ಲಿ ಹಲಗೆ ಬಾಡಿಗೆ ಹಿಡಿಯುತ್ತಿದ್ದೆವು. ನನ್ನದು ಅರ್ಧ ಹಲಗೆ. ವರ್ತಕ ನಗರದ ಮನೆಯಲ್ಲಿ ಮಾಡಿದ ಹಸಿ ಪಾತ್ರೆಗಳನ್ನು ಹಳೇ ಟವೆಲಿನಲ್ಲಿ ಸುತ್ತಿ, ಠಾಣೆಯಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿ, ಮಡಿಲ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಹೋಗುತ್ತಿದ್ದೆ. "ಕ್ಯಾ ಹೈ, ಕೇಕ್?" ಎಂದು ಕೇಳಿದವರಿಗೆ ಹೌದು ಅನ್ನುತ್ತಿದ್ದೆ. ಕೇಕ್ ಅಂದರೆ ಜನ ಮೈಮೇಲೆ ಬೀಳುವುದಿಲ್ಲ.

ಅಲ್ಲಿ ಮಣ್ಣು ನಾದುವುದು, ನೆಲ ಒರೆಸುವುದು, ಆವಿಗೆ ತುಂಬುವುದು ಎಲ್ಲ ಒಬ್ಬಾಕೆಯ ಕೆಲಸ. ಕಲಬುರಗಿ ಕಡೆಯ ಕುಂಬಾರರ ಮನೆಯ ಮಗಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಯಕ್ಕಾ ಅನ್ನುತ್ತಿದ್ದೆ. ಗಂಡನ ಜೊತೆ ಇಲ್ಲಿಗೆ ಬಂದು ವರ್ಷಗಟ್ಟಲೆ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು, ಮೊಣಕಾಲು ಸವೆದ ಮೇಲೆ ಈ ಕೆಲಸ ಸಿಕ್ಕಿತ್ತು. ಇದು ಹೋದರೆ ಮತ್ತೆ ಇಟ್ಟಿಗೆಯೇ ಎಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಡತಿಗೆ ಗೊತ್ತಿದ್ದದ್ದು ಗುಂಡಿ ಒತ್ತುವುದು. ಯಾವ ಪಾತ್ರೆ ಒಣಗಿದೆ, ಯಾವುದು ಒಣಗಿಲ್ಲ ಎಂಬುದು ಗೊತ್ತಾಗುತ್ತಿದ್ದದ್ದು ಅಕ್ಕನಿಗೆ. ಪ್ರತಿಯೊಂದನ್ನೂ ಎತ್ತಿ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ತಣ್ಣಗಿದ್ದರೆ ಒಳಗೆ ಇನ್ನೂ ಪಸೆ ಇದೆ ಎಂದು ಅರ್ಥ. ಪಸೆ ಇದ್ದದ್ದನ್ನು ಬೆಂಕಿಗೆ ಇಟ್ಟರೆ ನೀರು ಆವಿಯಾಗಿ ಪಾತ್ರೆ ಸಿಡಿಯುತ್ತದೆ, ತಾನು ಸಿಡಿದು ಪಕ್ಕದವರ ಪಾತ್ರೆಗಳನ್ನೂ ಒಡೆಯುತ್ತದೆ. ಹಂಚಿಕೊಂಡ ಆವಿಗೆಯ ಹಣೆಬರಹವೇ ಅದು.

ಆ ಜುಲೈಯಲ್ಲಿ ನಾನೊಂದು ದೊಡ್ಡ ಉಪ್ಪಿನಕಾಯಿ ಜಾಡಿ ಮಾಡಿದ್ದೆ. ಡೊಂಬಿವಲಿಯ ಕನ್ನಡದವರ ಕಾರ್ಯಕ್ರಮದಲ್ಲಿ ರವಿವಾರ ನನ್ನ ಸ್ಟಾಲ್. ಮೇಜಿನ ನಡುವೆ ಆ ಜಾಡಿಯೇ ಇರಬೇಕು ಎಂದು ಊರೆಲ್ಲ ಡಂಗುರ ಹೊಡೆದುಕೊಂಡಿದ್ದೆ. ಬುಧವಾರ ಆವಿಗೆ ತುಂಬುವ ದಿನ. ಅಕ್ಕ ಜಾಡಿಯ ತಳವನ್ನು ಕೆನ್ನೆಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಬಾಯಾರ. ಇದರ ಹೊಟ್ಟ್ಯಾಗ ಇನ್ನಾ ನೀರ ಅದ. ಮುಂದಿನ ಸಲ ಇಡಮು."

"ಯಕ್ಕಾ, ರವಿವಾರ ಸ್ಟಾಲ್ ಐತಿ. ಎಂಟು ದಿನ ಫ್ಯಾನಿನ ಕೆಳಗ ಇಟ್ಟೀನಿ."

"ಮಳಿಗಾಲದಾಗ ಫ್ಯಾನ್ ಏನ್ ಮಾಡ್ತದ್ರಿ? ತಳ ದಪ್ಪ ಅದ. ಮಂದಿ ಸಾಮಾನ ಒಡೀತಾವ."

ಆಗ ನಾನು ಆಡಿದ ಮಾತು ನೆನೆದರೆ ಈಗಲೂ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸುತ್ತದೆ. "ನಮ್ಮ ಕಡೀ ಹೆಣ್ಣುಮಗಳಾಗಿ ನನಗ ಇಷ್ಟೂ ಮಾಡಂಗಿಲ್ಲೇನ್ರಿ? ಈ ಊರಾಗ ನಮಗ ನಾವss ಅಲ್ಲೇನು?" ಅಂದೆ. ಹತ್ತು ಹೆಜ್ಜೆ ದೂರದಲ್ಲಿ ಫೋನು ನೋಡುತ್ತ ನಿಂತಿದ್ದ ಒಡತಿ, ಏನಾಯಿತು ಎಂದು ಹಿಂದಿಯಲ್ಲಿ ಕೇಳಿದಳು. "ಕುಛ್ ನಹೀಂ, ಗಾಂವ್ ಕೀ ಬಾತೇಂ" ಎಂದು ನಕ್ಕೆ. ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅಕ್ಕ ಜಾಡಿಯನ್ನು ಆವಿಗೆಯ ಒಳಗಿಟ್ಟಳು.

ಶುಕ್ರವಾರ ಆವಿಗೆ ತೆರೆದಾಗ ಹತ್ತು ಮಂದಿ ಸುತ್ತ ನಿಂತಿದ್ದೆವು. ನನ್ನ ಜಾಡಿಯ ತಳವೇ ಇರಲಿಲ್ಲ. ಅದರ ಚೂರುಗಳು ಒಬ್ಬರ ಬಟ್ಟಲು, ಇನ್ನೊಬ್ಬರ ಹೂದಾನಿ, ಮತ್ತೊಬ್ಬರ ಇಡೀ ಟೀ ಸೆಟ್ಟು ಎಲ್ಲವನ್ನೂ ಒಡೆದು ಹಾಕಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅಷ್ಟೇ.

ಒಡತಿ ಅಕ್ಕನ ಕಡೆ ತಿರುಗಿದಳು. "ಗೀಲಾ ಪೀಸ್ ಅಂದರ್ ಕೈಸೇ ಗಯಾ? ದೇಖನಾ ತುಮ್ಹಾರಾ ಕಾಮ್ ಹೈ ನಾ?" ಹಸಿ ಪಾತ್ರೆ ಒಳಗೆ ಹೇಗೆ ಹೋಯಿತು, ನೋಡುವುದು ನಿನ್ನ ಕೆಲಸವಲ್ಲವೇ ಎಂದು.

ಅಕ್ಕ ನನ್ನನ್ನು ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಈಗ ನೀವು ಹೇಳ್ರಿ ಎಂದು ದಾರಿ ಬಿಟ್ಟುಕೊಟ್ಟ ಹಾಗಿತ್ತು. ನಾನು ಬಗ್ಗಿ ಚೂರು ಆರಿಸತೊಡಗಿದೆ. ನಾಳೆಯಿಂದ ಬರಬೇಡ ಎಂದು ಒಡತಿ ಅಕ್ಕನಿಗೆ ಎಲ್ಲರೆದುರೇ ಹೇಳಿದಳು. ಆಮೇಲೆ ನನ್ನ ಭುಜ ತಟ್ಟಿ, ನಿಮ್ಮ ಅಷ್ಟು ಚಂದದ ಜಾಡಿ ಹೋಯಿತು, ಸಾರಿ ಅಂದಳು. ನನಗೆ ಸಾರಿ! ನಾನು ಆ ಸಾರಿಯನ್ನು ಇಸಕೊಂಡೆ ಕೂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎತ್ತು ನೋಡುತ್ತ ನಿಂತಿತ್ತು. ಅಕ್ಕ ಕೈ ತೊಳೆದುಕೊಂಡು, ಊಟದ ಡಬ್ಬಿ ತೆಗೆದುಕೊಂಡು ಹೋದಳು.

ಅಂದು ಮನೆಯಲ್ಲಿ ಒಡತಿಗೆ ಹಿಡಿಶಾಪ ಹಾಕಿದೆ. ಬಡವರ ಹೊಟ್ಟೆ ಮೇಲೆ ಹೊಡೆಯುವವಳು, ಹಾಗೆ, ಹೀಗೆ. ಗಂಡ ಚಪಾತಿ ಮುರಿಯುತ್ತ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಖರೆ. ನೀ ಏನ್ ಅಂದಿ ಅಲ್ಲೆ?" ಎಂದ. ಪಲ್ಯದ ಪಾತ್ರೆಯನ್ನು ಅವನ ಮುಂದೆ ಕುಕ್ಕಿ ಎದ್ದು ಹೋದೆ. ರವಿವಾರದ ಸ್ಟಾಲಿನಲ್ಲಿ ನಾಲ್ಕು ಕಪ್ಪುಗಳನ್ನು ಹರವಿಕೊಂಡು ಕೂತೆ. ಜಾಡಿ ಯಾರಿಗೂ ನೆನಪಿರಲಿಲ್ಲ.

ಸೋಮವಾರ ಹೋಗಿ ಒಡತಿಗೆ ಎಲ್ಲ ಹೇಳಿದೆ. ಅಕ್ಕ ಬೇಡ ಅಂದಿದ್ದಳು, ಒತ್ತಾಯ ಮಾಡಿದ್ದು ನಾನು ಎಂದೆ. ಒಡತಿ ನಕ್ಕುಬಿಟ್ಟಳು. ಹೋ ಜಾತಾ ಹೈ, ಕಲಿಯುವಾಗ ಇದೆಲ್ಲ ಆಗುತ್ತದೆ, ನೀವು ಮನೆಯವರಿದ್ದ ಹಾಗೆ ಅಂದಳು. ಹಾಗಾದರೆ ಆಕೆಯನ್ನು ವಾಪಸ್ ಕರೆಯಿರಿ ಅಂದೆ. ಈಗ ಬೇರೆಯವರು ಬಂದಿದ್ದಾರೆ, ಅಲ್ಲದೆ ನೀವು ಎಷ್ಟೇ ಒತ್ತಾಯ ಮಾಡಿದರೂ ಆಗುವುದಿಲ್ಲ ಎಂದು ಹೇಳುವುದೇ ಆಕೆಯ ಕೆಲಸವಾಗಿತ್ತಲ್ಲ, ಅಂದಳು. ಅದೇ ತಪ್ಪು, ಅದೇ ಜಾಡಿ. ಆಕೆ ಮಾಡಿದರೆ ಕೆಲಸ ಹೋಗುತ್ತದೆ, ನಾನು ಮಾಡಿದರೆ ಕಲಿಕೆ. ಬಾಯಿಗೆ ಬಂದದ್ದೆಲ್ಲ ಕೂಗಾಡಿ, ಹಲಗೆಯೂ ಬೇಡ ಏನೂ ಬೇಡ ಎಂದು ಹೊರಬಿದ್ದೆ. ಕೂಗಾಡಿದ ಮೇಲೆ ನಾನೇನೋ ದೊಡ್ಡ ಕೆಲಸ ಮಾಡಿದೆ ಅನಿಸಿತು, ನೋಡಿ.

ಅಕ್ಕ ಫೋನ್ ಎತ್ತಲಿಲ್ಲ. ಆಕೆಯ ಓಣಿಯವರು ಸಾನಪಾಡಾದಲ್ಲಿ ಏಳುತ್ತಿದ್ದ ಒಂದು ಕಟ್ಟಡದ ಗುರುತು ಹೇಳಿದರು. ಹೋಗಿ ನೋಡಿದರೆ ತಲೆಯ ಮೇಲೆ ಇಟ್ಟಿಗೆ, ಒಂದು ಕೈ ಮೊಣಕಾಲ ಮೇಲೆ. ಇಟ್ಟಿಗೆ ಇಳಿಸುವವರೆಗೆ ಕಾದು, "ಯಕ್ಕಾ, ಎಲ್ಲಾ ಹೇಳಿದೆ ಆಕಿಗೆ. ತಪ್ಪು ನಂದss ಅಂತ ಹೇಳಿದೆ" ಅಂದೆ.

"ಯಾರ ಮುಂದ ಹೇಳಿದ್ರಿ?"

"ಆಕಿ ಮುಂದ."

ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗ ಅಂದಿದ್ದು ಹತ್ತ ಮಂದಿ ಮುಂದ. ನೀವು ಹೇಳಿದ್ದು ಒಬ್ಬಾಕಿ ಮುಂದ. ಉಳದವರಿಗಿ ಇನ್ನಾ ನಾನೇ ಒಡದಾಕಿ ಅಲ್ರೀ? ಕುಂಬಾರ ಮನಿ ಮಗಳು ನಾ. ಹಸಿ ಯಾವ್ದು, ಒಣಗಿದ್ದ್ಯಾವ್ದು ತಿಳೀದಾಕಿ ಅಂತ ಅನ್ನಿಸ್ಕೊಂಡೆ."

ಮತ್ತೆ ತಲೆಯ ಮೇಲೆ ಇಟ್ಟಿಗೆ ಜೋಡಿಸಿಕೊಂಡಳು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಸ್ಟುಡಿಯೋದ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲವನ್ನೂ ಬರೆದೆ. ಆಕೆ ಕೆನ್ನೆಗೆ ಒತ್ತಿ ನೋಡಿ ಬೇಡ ಅಂದದ್ದು, ನಾನು ಕೇಳದೆ ಇಡಿಸಿದ್ದು, ಹತ್ತು ಮಂದಿಯ ನಡುವೆ ಬಾಯಿಗೆ ಬೀಗ ಹಾಕಿಕೊಂಡು ನಿಂತದ್ದು, ಆಕೆಯ ಕೆಲಸ ಹೋದದ್ದು. ಗಾಡಿ ಬರುವಷ್ಟರಲ್ಲಿ ಉತ್ತರಗಳು ಬಂದವು. ಕೆಂಪು ಹೃದಯಗಳು, ಚಪ್ಪಾಳೆಗಳು. ಎಷ್ಟು ಪ್ರಾಮಾಣಿಕರು ನೀವು, ಇಂಥ ಧೈರ್ಯ ಎಲ್ಲರಿಗೂ ಬರುವುದಿಲ್ಲ ಎಂದು ಟೀ ಸೆಟ್ಟಿನವಳು ಬರೆದಳು. ಒಡತಿಯೂ ಒಂದು ಹೃದಯ ಹಾಕಿದಳು. ಅಕ್ಕ ಈಗ ಎಲ್ಲಿದ್ದಾಳೆ ಎಂದು ಒಬ್ಬರೂ ಕೇಳಲಿಲ್ಲ.