ಹಗೇವಿನ ದೀಪ

‘ಉಸಿರು ಹಿಡಿಯಿರಿ’ ಎಂದು ಯಾರಾದರೂ ಅಂದರೆ ನನಗೆ ಮಧ್ಯಾಹ್ನದ ಮೂರೂವರೆಯಾಗುತ್ತದೆ. ಹೋದ ವಾರವೂ ಹಾಗೇ ಆಯಿತು. ಕೊಟ್ಟೂರಿನ ಕಲ್ಯಾಣಮಂಟಪದಲ್ಲಿ ಮನೆಮಂದಿಗೆಲ್ಲ ಯೋಗ, ಧ್ಯಾನ ಕಲಿಸುತ್ತಾರೆಂದು ಹೆಂಡತಿ ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಬಗ್ಗದ ಮೊಣಕಾಲನ್ನು ಬಗ್ಗಿಸಲು ಹೆಣಗುತ್ತ ಹೇಗೋ ಕೂತಿದ್ದೆ. ಕಲಿಸುವ ಹೆಣ್ಣುಮಗಳು ಲೈಟು ಆರಿಸಿ, ಬಾಗಿಲು ಹಾಕಿ, ಕಣ್ಣು ಮುಚ್ಚಿ ಉಸಿರು ಹಿಡಿಯಲು ಹೇಳಿದಳು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಕಾಲಿಗೆ ಸಿಕ್ಕಿಸಿಕೊಂಡಿದ್ದು ಬೇರೆಯವರ ಚಪ್ಪಲಿಯೆಂದು ಆಮೇಲೆ ತಿಳಿಯಿತು.

ಆ ಮೂರೂವರೆ ತೊಂಬತ್ತರ ದಶಕದ್ದು, ಹಿರೇಹಡಗಲಿಯ ನಮ್ಮ ಮನೆಯದು. ಹರಪನಹಳ್ಳಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ನಮ್ಮ ಅಂಗಳದಲ್ಲೊಂದು ಹಗೇವು ಇತ್ತು. ನೀವು ನೋಡಿರಲಿಕ್ಕಿಲ್ಲ. ನೆಲದೊಳಗಿನ ಕಣಜ ಅದು: ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೋಣೆಯಷ್ಟು ಹೊಟ್ಟೆ, ಅದರ ತುಂಬ ಜೋಳ. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಅದಕ್ಕೇ ಬಾಯಿ ತೆರೆದ ಮೇಲೆ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು ಪದ್ಧತಿ. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಕಾಯಬೇಕು.

ಅಂದು ಮೂರೂವರೆಯ ಹೊತ್ತಿಗೆ ಮೋಡ ಕವಿದಿತ್ತು. ಹನಿ ಬೀಳುವ ಮೊದಲು ಜೋಳ ತೆಗೆಯಬೇಕೆಂದು ಅಪ್ಪನಿಗೆ ಆತುರ. ಇಳಿಯುವವನು ಅಪ್ಪನ ತಮ್ಮ, ಕೊಟ್ರೇಶ ಕಾಕ. ನಾನು ಕಂದೀಲು ತಂದದ್ದನ್ನು ನೋಡಿ ನಕ್ಕ.

“ಹಾಡುಹಗಲ ಕಂದೀಲು ಹಚ್ಚಿ ಸೂರ್ಯಗ ದಾರಿ ತೋರಸ್ತೀಯೇನಲೇ? ಇಡು ಅತ್ತಾಗ.”

ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಒಂದು ಬುಟ್ಟಿ ಜೋಳ ಮೇಲೆ ಬಂತು. ಎರಡನೆಯದು ಬರಲಿಲ್ಲ. ಬಗ್ಗಿ ಕರೆದೆ, ನನ್ನ ದನಿಯೇ ತಿರುಗಿ ಬಂತು. ಅಪ್ಪ, ನಾನು ಸೇರಿ ಹಗ್ಗ ಜಗ್ಗಿದೆವು. ಆ ಭಾರ ಇವತ್ತಿಗೂ ಅಂಗೈಯಲ್ಲಿದೆ. ಮೇಲೆ ಬಂದ ಕಾಕನ ಬಾಯಿ ಬಿಗಿದಿತ್ತು, ತುಟಿಗೆ ಜೋಳದ ಕಾಳು ಮೆತ್ತಿಕೊಂಡಿದ್ದವು.

ಟ್ರ್ಯಾಕ್ಟರಿನಲ್ಲಿ ಹಡಗಲಿಯ ತಾಲ್ಲೂಕು ಆಸ್ಪತ್ರೆಗೆ ಒಯ್ದೆವು. ಬದುಕಿದ. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮನೆಗೆ ಬಂದ ನೆಂಟರಿಗೆ ನಾನು ಇಂಗಾಲದ ಡೈಆಕ್ಸೈಡಿನ ಪಾಠ ಮಾಡಿದ್ದೇ ಮಾಡಿದ್ದು. ಅಷ್ಟು ಓದಿದವನಿಗೆ, ಹೊಸ್ತಿಲಲ್ಲಿ ಕೂತಿದ್ದ ಕಾಕ ಏನನ್ನೂ ಹೇಳುತ್ತಿಲ್ಲವೆಂಬುದು ಕಾಣಲಿಲ್ಲ.

ಕಾಕ ಒಂದು ಕಾಲಕ್ಕೆ ನಿದ್ದೆಗೆ ಹೆಸರಾದವನು. ಸಂತೆಯಿಂದ ಬರುವಾಗ ಬಂಡಿಯಲ್ಲೇ ಮಲಗುತ್ತಿದ್ದ. ಎತ್ತುಗಳೇ ಮನೆ ಮುಟ್ಟಿಸುತ್ತಿದ್ದವು. ಅಂಥವನು ಈಗ ಕಣ್ಣು ಹತ್ತಿದೊಡನೆ ಚೀರಿ ಏಳುತ್ತಿದ್ದ. ಕೋಣೆ ಒಲ್ಲೆ ಎಂದ, ಅಂಗಳದಲ್ಲಿ ಹಗೇವು. ಕೊನೆಗೆ ಮಾಳಿಗೆ ಹತ್ತಿದ. ನಮ್ಮ ಮಣ್ಣಿನ ಮಾಳಿಗೆಗೆ ಸುತ್ತ ಕಟಾಂಜನದ ತಡೆಯಿರಲಿಲ್ಲ. ನಿದ್ದೆಗಣ್ಣಲ್ಲಿ ಎದ್ದು ಒಮ್ಮೆ ಅಂಚಿನವರೆಗೂ ಹೋಗಿದ್ದ. ಅಂದಿನಿಂದ ಅವನ ಹೆಂಡತಿ, ನಮ್ಮ ಚಿಗವ್ವ, ತನ್ನ ಸೆರಗನ್ನು ಅವನ ಮುಂಗೈಗೆ ಕಟ್ಟಿಕೊಂಡು ಕೂರುತ್ತಿದ್ದಳು. ಇನ್ನೊಂದು ದಿನ ಸೆರಗು ಹರಿದು ಅವನು ಬಿದ್ದೇಬಿಟ್ಟರೆ? ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಕೇಳಿದವರಿಗೆ ಅಪ್ಪ, “ಪಿತ್ತ ಆಗೇತ್ರಿ” ಅನ್ನುತ್ತಿದ್ದ. ಎತ್ತಿನಂಥ ಗಂಡಸು ಹೆದರಿದ್ದಾನೆ ಎಂದು ಹೇಳಿಕೊಳ್ಳುವುದು ಹೇಗೆ? ನಾವೂ ಪಿತ್ತವೆಂದೇ ಅಂದೆವು. ಅನ್ನುತ್ತ ಅನ್ನುತ್ತ ನಂಬಿಯೂಬಿಟ್ಟೆವು.

ಆಗ ನಮ್ಮೂರ ಸಾಲೆಯಲ್ಲಿ ಯೋಗದ ಶಿಬಿರ ನಡೆಯಿತು. ಅದನ್ನು ನಡೆಸಿದ ಮಾಸ್ತರು ಸಾಧು ಮನುಷ್ಯರು. ಒಬ್ಬರ ಕಾಯಿಲೆ ಮನೆಯವರೆಲ್ಲರ ಕಾಯಿಲೆ, ಎಲ್ಲರೂ ಕೂಡಿ ಬನ್ನಿ ಎಂದರು. ಅಪ್ಪ ಅವರಿಗೂ ಪಿತ್ತವೆಂದೇ ಹೇಳಿದ. ಅವರು ಕಾಕನಿಗೆ ಕಣ್ಣು ಮುಚ್ಚಿಸಿ, ಉಸಿರು ಒಳಗೆಳೆದು ಹಿಡಿಯಲು ಕಲಿಸಿದರು. ಕಾಕನ ಮುಖದಿಂದ ಬೆವರು ಧಾರೆಯಾಗಿ ಇಳಿಯಿತು. ಪಿತ್ತ ಕರಗುತ್ತಿದೆಯೆಂದು ನಾವೆಲ್ಲ ಹಿಗ್ಗಿದೆವು. ಮನೆಯಲ್ಲೂ ಬೆಳಿಗ್ಗೆ, ಸಂಜೆ ಮಾಡಿಸಿದೆವು. ಅವನು ನಡುವೆ ಕಣ್ಣು ಬಿಡದಂತೆ ಚಿಗವ್ವ ಎದುರಿಗೇ ಕೂತು ಕಾಯುತ್ತಿದ್ದಳು. “ಬಿಟ್ರಿ ನೋಡ್ರಿ, ಮುಚ್ಚರಿ” ಎಂದು ಎಷ್ಟು ಪ್ರೀತಿಯಿಂದ ಗದರುತ್ತಿದ್ದಳು! ಕಾಕ ತುಟಿ ಬಿಚ್ಚದೆ ಮುಚ್ಚುತ್ತಿದ್ದ. ದಿನದಿಂದ ದಿನಕ್ಕೆ ಮೈಯಲ್ಲಿ ಇಳಿಯುತ್ತಲೂ ಹೋದ.

ಒಂದು ಸಂಜೆ ಜೋರು ಮಳೆ. ಮಾಳಿಗೆ ಹತ್ತುವಂತಿಲ್ಲ. ಕರೆಂಟೂ ಹೋಯಿತು. ಪಡಸಾಲೆಯಲ್ಲಿ ಎಲ್ಲರೂ ಒತ್ತೊತ್ತಾಗಿ ಹಾಸಿಕೊಂಡೆವು. ಗೋಡೆಯ ಮಾಡದಲ್ಲಿ ಅದೇ ಕಂದೀಲು. ಚಿಗವ್ವ ಅದರ ಬತ್ತಿಗೆ ಕೈ ಹಾಕಿದಳು.

“ಆರಸಬ್ಯಾಡ,” ಎಂದ ಕಾಕ.

“ಆರಸೋದಿಲ್ರಿ, ಸಣ್ಣದು ಮಾಡ್ತೀನಿ. ಕಣ್ಣಿಗೆ ಹೊಡಿಯಾಕತ್ತೈತಿ.”

“ಹೊಡೀಲಿ ಬಿಡು. ಅದು ಉರಿಯೋ ತನಕ ಗಾಳಿ ಐತಿ.”

ಚಿಗವ್ವ ಬತ್ತಿಯನ್ನು ಇನ್ನಷ್ಟು ಏರಿಸಿದಳು. ಅಪ್ಪ ಎದ್ದು ಕೂತು, ಅಷ್ಟು ದಿನ ನಮ್ಮಲ್ಲಿ ಯಾರೂ ಕೇಳದಿದ್ದುದನ್ನು ಕೇಳಿದ: “ಒಳಗ ಏನಾತಲೇ, ತಮ್ಮಾ?”

ನಾನು ಕರೆದದ್ದು ಕಾಕನಿಗೆ ಕೇಳಿಸಿತ್ತಂತೆ. ಓಗೊಡಲು ಬಾಯಿ ತೆರೆದರೆ ಆ ಕೆಟ್ಟ ಗಾಳಿ ಒಳಹೊಕ್ಕೀತೆಂದು ಬಿಗಿಹಿಡಿದಿದ್ದನಂತೆ.

“ಉಸಿರು ಹಿಡಕೊಂಡು ಕುಂತೆ. ಕಣ್ಣ ಮುಂದ ಬರೇ ಕತ್ತಲಿ. ಈಗ ನೀವು ದಿನಾ ಎರಡು ಹೊತ್ತು ನನ್ನ ಅಲ್ಲಿಗೇ ಇಳಸಾಕತ್ತೀರಿ.”

ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಒಂದು ಮಾತು ಹೇಳಬಾರದಿತ್ತೇ ಎಂದಳು.

“ಹೆಂಗ ಹೇಳ್ಲಿ? ಎದುರಿಗೆ ಪೊಲೀಸರಂಗ ಕುಂದರತಿದ್ದೆಲ್ಲ.”

ಹಗೇವಿಗೆ ಇಳಿದ ಮೇಲೆ ಕಾಕ ಆಡಿದ ಮೊದಲ ತಮಾಷೆ ಅದು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆವು.

ಮರುದಿನ ಮಾಸ್ತರಿಗೆ ಎಲ್ಲ ಹೇಳಿದೆ. ಅವರ ಮುಖ ಬಾಡಿತು. “ಪಿತ್ತ ಅಂದ್ರಲ್ರೀ ನೀವು,” ಎಂದಷ್ಟೇ ಅಂದರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ಕಾಕ ಈಗಿಲ್ಲ. ನಮ್ಮ ಪ್ರೀತಿಗೆ ಸಿಕ್ಕು ಅವನು ಮತ್ತೆ ಮತ್ತೆ ಇಳಿದ ಆ ಹಗೇವನ್ನು ನೆನೆದೇ ಹೋದ ವಾರ ನಾನು ಮಂಟಪದಿಂದ ಎದ್ದು ಬಂದದ್ದು. ಕಲಿಸುವವಳು ನನ್ನ ಹಿಂದೆಯೇ ಬಂದು, ಏನಾಯಿತು ಎಂದು ಕೇಳಿದಳು. ‘ಪಿತ್ತ’ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿ, ನಿಮಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಅವಳು ಒಳಗೆ ಹೋಗಿ ಲೈಟು ಹಾಕಿ, ಬಾಗಿಲು ತೆರೆದಿಟ್ಟು ಬಂದಳು.

“ಆಮ್ಯಾಗ ನಿದ್ದಿ ಬಂತೇನ್ರಿ ಅವರಿಗೆ?”

ಬಂತು. ಆ ಮಳೆಯ ರಾತ್ರಿ ಕಳೆದು ಬಿಸಿಲು ಪಡಸಾಲೆಗೆ ಬಂದರೂ ಯಾರೂ ಎದ್ದಿರಲಿಲ್ಲ. ಹಾಲು ಕರೆಯುವವರಿಲ್ಲದೆ ಎಮ್ಮೆ ಒದರಿದ್ದಕ್ಕೆ ನನಗೆ ಎಚ್ಚರವಾಯಿತು. ಚಿಗವ್ವನ ಸೆರಗು ಅವಳ ಮೈಮೇಲೇ ಇತ್ತು. ಎಣ್ಣೆ ತೀರಿ ಕಂದೀಲು ಯಾವಾಗಲೋ ಆರಿಹೋಗಿತ್ತು. ಕಾಕ ಗೊರಕೆ ಹೊಡೆಯುತ್ತಿದ್ದ.