ಡಂಪ್ ಪಾಯಿಂಟಿನಲ್ಲಿ ಅವ್ವ

ಸಿಡ್ನಿಯಿಂದ ಮೆಲ್ಬರ್ನಿಗೆ, ಒಲೆ, ಹಾಸಿಗೆ, ಸಂಡಾಸ ಎಲ್ಲ ಒಳಗೇ ಇರುವ ಬಾಡಿಗೆ ಕ್ಯಾಂಪರ್‌ವ್ಯಾನಿನಲ್ಲಿ ಹೊರಟು ಎರಡು ದಿನವಾಯಿತು. ಧಾರವಾಡದಿಂದ ಬಂದಿರುವ ಅವ್ವ ನೀರೇ ಕುಡಿಯುತ್ತಿಲ್ಲ. ಚಹಾ ಕೂಡ ಅರ್ಧ ಕಪ್ಪಿಗೇ ಸಾಕಂತೆ. ಒತ್ತಾಯ ಮಾಡಿದ್ದಕ್ಕೆ ಸಿಡುಕಿದಳು: "ವ್ಯಾನಿನ ಸಂಡಾಸ ನೀನ ಹೊತ್ತು ಚೆಲ್ಲಬೇಕಲ್ಲ? ಮಗನ ಕೈಲೆ ಅಂಥಾದ್ದು ಮಾಡಸ್ಲೇನು?"

ಇವತ್ತು ಬೆಳಿಗ್ಗೆ ಆ್ಯಪ್ ನೋಡಿಕೊಂಡು ಒಂದು ಸಣ್ಣ ಊರಿನ ಡಂಪ್ ಪಾಯಿಂಟಿಗೆ, ಅಂದರೆ ಇಂಥ ವ್ಯಾನುಗಳ ಸಂಡಾಸ ಚೆಲ್ಲುವ ಜಾಗಕ್ಕೆ, ಬಂದೆವು. ಕಾಂಕ್ರೀಟಿನ ಕಟ್ಟೆ, ಅದರ ನಡುವೆ ಮುಚ್ಚಳವಿರುವ ತೂತು, ಪಕ್ಕದಲ್ಲಿ ಒಂದು ನಲ್ಲಿ. ಇದನ್ನು ಹುಡುಕಲು ನಾನು ಪಟ್ಟ ಪಾಡೇನು!

ನಮಗಿಂತ ಮುಂದಿದ್ದ ಬಿಳಿಕೂದಲಿನ ಅಜ್ಜಿಯೊಬ್ಬಳು ಗ್ಲೌಸ್ ಹಾಕಿಕೊಂಡು, ತನ್ನ ಕ್ಯಾರವಾನಿನ ಟಾಯ್ಲೆಟ್ ಪೆಟ್ಟಿಗೆಯನ್ನು ಸೂಟ್‌ಕೇಸಿನಂತೆ ಗಾಲಿಯ ಮೇಲೆ ಎಳೆದು ತಂದಳು. ಸುರಿದಳು, ತೊಳೆದಳು, ಮುಂದಿನವರಿಗೆಂದು ಕಟ್ಟೆಗೂ ನೀರು ಹಾಕಿದಳು. ಅವ್ವ ವ್ಯಾನಿನಿಂದ ಇಳಿದು ಬಂದು ನೋಡುತ್ತ ನಿಂತಿದ್ದಳು. ಅಜ್ಜಿ ಹೋಗುವಾಗ ಅವಳತ್ತ ಕೈ ಬೀಸಿದಳು.

"ಇಷ್ಟ ಏನು ಕೆಲಸ?" ಅಂದಳು ಅವ್ವ. "ಗ್ಲೌಸ್ ಇತ್ತ ಕೊಡು."

ಪೆಟ್ಟಿಗೆಯನ್ನು ಇಬ್ಬರೂ ಹಿಡಿದು ಖಾಲಿ ಮಾಡಿದೆವು. ತೊಳೆಯಲು ಮಾತ್ರ ಅವಳು ನನಗೆ ಬಿಡಲಿಲ್ಲ. ಕಟ್ಟೆಯನ್ನಂತೂ ಎರಡು ಸಲ ತೊಳೆದಳು.

ಆಮೇಲೆ ಸೋಪು ಹಚ್ಚಿ ಕೈ ತೊಳೆದು, ವ್ಯಾನು ಹತ್ತಿ, ಒಲೆ ಹೊತ್ತಿಸಿದಳು.

"ಚಹಾ ಮಾಡ್ತೀನಿ," ಅಂದಳು. "ನನಗ ಕಪ್ ತುಂಬ ಬೇಕು."