ತೆರೆದ ಟ್ರೆಂಚಿನ ಗಳಿಕೆ

ಎರಡು ವರ್ಷದ ಹಿಂದಿನ ಬೇಸಿಗೆ. ಗುಬ್ಬಿ ತಾಲ್ಲೂಕಿನ ಹಳ್ಳಿಗಳಿಗೆ ಕುಡಿಯುವ ನೀರು ಒಯ್ಯುವ ಪೈಪ್‌ಲೈನ್ ಕಾಮಗಾರಿಯಲ್ಲಿ ನಾನು ಪ್ಲಾನಿಂಗ್ ಎಂಜಿನಿಯರ್ ಆಗಿದ್ದೆ. ಕಚೇರಿ ತುಮಕೂರಿನಲ್ಲಿ. ವಾರಕ್ಕೊಮ್ಮೆ ಸೈಟಿಗೆ ಹೋಗಿ, ಕೆಲಸ ಎಷ್ಟು ಆಗಿದೆಯೆಂದು ಅಳೆದು ಬರುತ್ತಿದ್ದೆ.

ಆ ಅಳತೆಗೆ ಅರ್ನ್ಡ್ ವ್ಯಾಲ್ಯೂ ಎನ್ನುತ್ತಾರೆ. ಖರ್ಚು ಎಷ್ಟೇ ಆಗಿರಲಿ, ಹತ್ತು ಲಕ್ಷದ ಕೆಲಸ ಅರ್ಧ ಮುಗಿದಿದ್ದರೆ ಗಳಿಕೆ ಐದು ಲಕ್ಷ. ತೊಡಕಿರುವುದು ನಡುವೆ ನಿಂತ ಕೆಲಸವನ್ನು ಎಣಿಸುವಲ್ಲಿ. ನಮ್ಮಲ್ಲಿ ಕೆಲಸ ಶುರುವಾದ ದಿನ ಅರ್ಧ ಬೆಲೆ, ಮುಗಿದ ದಿನ ಉಳಿದರ್ಧ ಎಂಬ ನಿಯಮವಿತ್ತು.

ಅಗೆಯುವುದು, ಪೈಪ್ ಕೂರಿಸುವುದು, ಮಣ್ಣು ಮುಚ್ಚುವುದು ಒಂದರ ಹಿಂದೊಂದು ನಡೆಯಬೇಕಿತ್ತು. ಪೈಪ್ ಬರುವುದು ತಡವಾಯಿತು. ಪ್ರಾಜೆಕ್ಟ್ ಮ್ಯಾನೇಜರ್ ಕಾಯಲಿಲ್ಲ. ಮುಂದಿನ ಭಾಗ, ಅದರ ಮುಂದಿನದು ಎಂದು ನಾಲ್ಕು ಕಡೆ ಅಗೆತ ಶುರುಮಾಡಿಸಿದರು. ಶುರುವಾದಲ್ಲೆಲ್ಲ ಅರ್ಧ ಬೆಲೆ ಬಂತು. ಒಂದು ಮೀಟರ್ ಪೈಪೂ ಕೂರದಿದ್ದರೂ, ಕೆಲಸ ವೇಳೆಗೆ ಸರಿಯಾಗಿದೆಯೆಂದು ವರದಿ ಹಸಿರು ತೋರಿಸುತ್ತಿತ್ತು.

ಹೀಗೆ ಅಗೆದ ಟ್ರೆಂಚಿನ ಗೋಡೆ ಕುಸಿಯದಂತೆ ಹಲಗೆ ಇಟ್ಟು ಆನಿಕೆ ಕೊಡುವುದಕ್ಕೆ ಶೋರಿಂಗ್ ಎನ್ನುತ್ತಾರೆ. ಕೊನೆಗೆ ಕಿತ್ತು ಒಯ್ಯುವ ಸಾಮಾನಾದ್ದರಿಂದ ವೇಳಾಪಟ್ಟಿಯಲ್ಲಿ ಅದಕ್ಕೊಂದು ಸಾಲಿರಲಿಲ್ಲ, ಹಾಗಾಗಿ ಬೆಲೆಯೂ ಇರಲಿಲ್ಲ. ಸೈಟಿನಲ್ಲಿ ಇದ್ದದ್ದು ಒಂದು ಭಾಗಕ್ಕಾಗುವಷ್ಟು ಹಲಗೆ. ನಾಲ್ಕೂ ಕಡೆ ಬೇಕೆಂದು ನಾನು ಮೀಟಿಂಗಿನಲ್ಲಿ ಹೇಳಿದಾಗ ಮ್ಯಾನೇಜರ್ ನಕ್ಕು, ಪೈಪ್ ಬಂದ ದಿನ ನೋಡೋಣ ಅಂದರು.

ಪೈಪ್ ಬಂದ ದಿನ ಯಾರೂ ನೋಡಲಿಲ್ಲ. ತಡವಾದದ್ದನ್ನು ತುಂಬಿಕೊಳ್ಳಲು ನಾಲ್ಕೂ ಕಡೆ ಒಟ್ಟಿಗೆ ಫಿಟ್ಟರ್‌ಗಳನ್ನು ಇಳಿಸಿದರು. ನಾನು ಕಡಬದ ಕೆರೆಯ ಕೆಳಗಿನ ಭಾಗದಲ್ಲಿದ್ದೆ. ಆಳೆತ್ತರ ಮೀರಿದ ಟ್ರೆಂಚು, ಹಲಗೆ ಇಲ್ಲ. ಹುಲಿಯೂರುದುರ್ಗದ ಸಿದ್ದರಾಜು ಒಳಗೆ ಪೈಪ್ ಜೋಡಿಸುತ್ತಿದ್ದ. ಹಲಗೆ ಬರುವ ತನಕ ಮೇಲೆ ಬಂದಿರಲು ಹೇಳಿದೆ.

"ಇಲ್ಲೇ ತಂಪಾಗೈತೆ ಮೇಡಂ, ಎಸಿ ಹಾಕ್ದಂಗೆ. ನೀವೇ ಇಳ್ದು ಬನ್ನಿ," ಎಂದು ನಕ್ಕ.

ತಂಪಿದ್ದದ್ದು ಕೆರೆಯ ಒಸರಿನಿಂದ. ಗೋಡೆ ಸದ್ದಿಲ್ಲದೆ ಜಾರಿತು. ಮಣ್ಣು ಅವನ ಎದೆಯವರೆಗೆ ಬಂದು ನಿಂತಿತು, ಮುಖ ಹೊರಗಿತ್ತು. ಬದುಕಿದ ಎಂದುಕೊಂಡೆ. ಸೂಪರ್‌ವೈಸರ್ ನಂಜೇಗೌಡ ಓಡಿಬಂದು, ಮಣ್ಣು ತೆಗೆಯಲು ಹತ್ತಿರ ಬರುತ್ತಿದ್ದ ಜೆಸಿಬಿಯನ್ನು ತಡೆದ. ಅದರ ಭಾರಕ್ಕೆ ಎದುರು ಗೋಡೆಯೂ ಬೀಳುತ್ತಿತ್ತು. ಇಬ್ಬರು ಇಳಿದು ಕೈಯಲ್ಲೇ ಮಣ್ಣು ಬಗೆಯತೊಡಗಿದರು.

"ಏನ್ಲಾ ಸಿದ್ದ, ಮಾತಾಡ್ತಿರು ಕಣೋ," ಎಂದು ಗೌಡ ಮೇಲಿನಿಂದ ಹೇಳುತ್ತಲೇ ಇದ್ದ.

"ಉಸ್ರು ಬುಡಕಾಯ್ತದಣ್ಣ. ಎಳ್ಕೊಳಕಾಯ್ತಿಲ್ಲ."

ಎದೆ ತಗ್ಗಿದಷ್ಟೂ ಮಣ್ಣು ಬಿಗಿಯಾಗಿ ಕೂರುತ್ತಿತ್ತು, ಮತ್ತೆ ಹಿಗ್ಗಲು ಬಿಡುತ್ತಿರಲಿಲ್ಲ. ಸೊಂಟದವರೆಗೆ ಬಗೆಯುವಷ್ಟರಲ್ಲಿ ಅವನು ಉತ್ತರಿಸುವುದು ನಿಂತಿತ್ತು. ಈಗಲೂ ಮಲಗಿದಾಗ ನನ್ನ ಉಸಿರನ್ನೇ ಕಾಯುತ್ತೇನೆ, ಬಿಟ್ಟದ್ದು ಮತ್ತೆ ಬಂತೇ ಎಂದು.

ಆ ಭಾಗದ ಅಗೆತದ ಗಳಿಕೆಯನ್ನು ವರದಿಯಲ್ಲಿ ಸೊನ್ನೆಗೆ ಇಳಿಸಿದೆ. ಒಮ್ಮೆ ಗಳಿಸಿದ ಬೆಲೆ ಇಳಿಯುವುದಿಲ್ಲ, ಮತ್ತೆ ಅಗೆಯುವುದನ್ನು ಖರ್ಚಿನಲ್ಲಿ ತೋರಿಸಿ ಎಂಬ ಟಿಪ್ಪಣಿಯೊಂದಿಗೆ ಮ್ಯಾನೇಜರ್ ಕಡೆಯಿಂದ ವರದಿ ಹಿಂದಿರುಗಿತು.

ಈಗ ಕುಣಿಗಲ್ ಕಡೆಯ ಇನ್ನೊಂದು ಕಾಮಗಾರಿಯಲ್ಲಿದ್ದೇನೆ. ಹಟ ಹಿಡಿದು ಶೋರಿಂಗ್‌ಗೆ ವೇಳಾಪಟ್ಟಿಯಲ್ಲಿ ಸಾಲು ಹಾಕಿಸಿದೆ, ಬೆಲೆಯನ್ನೂ ಕಟ್ಟಿಸಿದೆ. ಮೊನ್ನೆ ಅಮೃತೂರಿನ ಹತ್ತಿರ ಒಂದು ಟ್ರೆಂಚಿನ ಹಲಗೆಗಳನ್ನು ಅಳೆದು, ಫೋಟೊ ತೆಗೆದು ಜೀಪಿನ ಕಡೆ ತಿರುಗಿದೆ. ಅಲ್ಲಿನ ಸೂಪರ್‌ವೈಸರ್ ಹಿಂದಿನಿಂದ ಕೇಳಿದ:

"ಎಣ್ಸಾಯ್ತಲ್ಲ ಮೇಡಂ, ಇನ್ನ್ ಬಿಚ್ಚಿಸ್ಲಾ? ಮುಂದಿನ್ ಸೆಕ್ಷನ್ನಿಗೂ ಇವೇ ಬೇಕು."

ಬೇಡವೆಂದೆ. ಪೈಪ್ ಕೂತು ಮಣ್ಣು ಮುಚ್ಚುವವರೆಗೆ ಅಲ್ಲೇ ನಿಂತೆ. ಯಾವುದಕ್ಕೆ ಬೆಲೆ ಕಟ್ಟಿದರೂ ಎಣಿಸುವವರು ನೋಡುವಷ್ಟು ಹೊತ್ತು ಮಾತ್ರ ಅದು ನಿಂತಿರುತ್ತದೆ ಎಂಬುದನ್ನು ಈ ವೃತ್ತಿ ನನಗೆ ಕಲಿಸಿದೆ. ನಾನು ಅಲ್ಲಿ ನಿಂತಿದ್ದ ಹೊತ್ತಿಗೆ ಇದೇ ಕಾಮಗಾರಿಯಲ್ಲಿ ಇನ್ನೂ ಮೂರು ಟ್ರೆಂಚುಗಳು ತೆರೆದಿದ್ದವು. ಮೂರರಲ್ಲೂ ಜನ ಇಳಿದಿದ್ದರು.